ಕುಡಿಯುವ ಮುಂಚಿನ ಅರ್ಧ ಗಂಟೆ

ಚಿಕ್ಕಮಗಳೂರಿನಲ್ಲಿ ಕುಡಿತದ ಚಟಕ್ಕೆ ಆಪ್ತಸಮಾಲೋಚನೆ ಮಾಡುತ್ತಾ ಹಲವು ವರ್ಷಗಳಾದವು. ನನ್ನ ಹತ್ತಿರ ತೋಟದ ಕೆಲಸಗಾರರು ಬರುತ್ತಾರೆ, ತೋಟದ ಲೆಕ್ಕ ಬರೆಯುವ ರೈಟರುಗಳು, ಜೀಪ್ ಡ್ರೈವರುಗಳು, ಮೇಷ್ಟ್ರುಗಳು ಬರುತ್ತಾರೆ, ತೋಟದ ಮಾಲೀಕರೂ ಬರುತ್ತಾರೆ. ಮೊದಲ ದಿನ ಹೆಚ್ಚಿನವರು ತಲೆ ತಗ್ಗಿಸಿಕೊಂಡು ಬೈಗುಳಕ್ಕೆ ಕಾಯುತ್ತಾ ಕೂತಿರುತ್ತಾರೆ. ಲಿವರ್ ಹಾಳಾಗುತ್ತೆ, ಹೆಂಡತಿ ಮಕ್ಕಳು ಬೀದಿಪಾಲಾಗ್ತಾರೆ ಅನ್ನೋದನ್ನೆಲ್ಲ ಮನೆಯಲ್ಲೂ ಊರಲ್ಲೂ ಕೇಳಿ ಕೇಳಿ ಅವರಿಗೆ ಸಾಕಾಗಿರುತ್ತೆ. ಹಾಗಾಗಿ ನಾನು ಅದನ್ನು ಎತ್ತುವುದೇ ಇಲ್ಲ. "ಕೊನೇ ಸಲ ಕುಡಿದ್ರಲ್ಲ, ಅದಕ್ಕೆ ಅರ್ಧ ಗಂಟೆ ಮುಂಚೆ ಎಲ್ಲಿದ್ರಿ? ಏನ್ ಮಾಡ್ತಿದ್ರಿ?" ಎಂದು ಕೇಳುತ್ತೇನೆ. ಚಿಕಿತ್ಸೆ ಶುರುವಾಗುವುದು ಈ ಪ್ರಶ್ನೆಯಿಂದ.

ನಾನು ಬಳಸುವ ಈ ವಿಧಾನದ ಹೆಸರು ಸಿಬಿಟಿ, ಅಂದರೆ ಅರಿವಿನ ವರ್ತನಾ ಚಿಕಿತ್ಸೆ. ಅದು ಹುಟ್ಟಿದ್ದು ಖಿನ್ನತೆಗಾಗಿ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಅದಕ್ಕೆ ರೂಪ ಕೊಟ್ಟರು. ಮುಂದೆ 1980ರ ದಶಕದಲ್ಲಿ ಅಲನ್ ಮಾರ್ಲಟ್ ಎಂಬ ಮನೋವಿಜ್ಞಾನಿ ಕುಡಿತ ಬಿಟ್ಟವರು ಮತ್ತೆ ಯಾಕೆ ಶುರು ಮಾಡ್ತಾರೆ ಅನ್ನೋದನ್ನೇ ಹಿಡಿದು ಕೆಲಸ ಮಾಡಿದರು. ಒಂದು ಸಂದರ್ಭ ಬರುತ್ತೆ, ಅದರಿಂದ ಒಂದು ಯೋಚನೆ ಹುಟ್ಟುತ್ತೆ, ಆ ಯೋಚನೆ ಕೈಯನ್ನು ಬಾಟಲಿಗೆ ತಲುಪಿಸುತ್ತೆ. ಈ ಮೂರರ ನಡುವೆ ಎಲ್ಲಿ ತಡೆಯಬಹುದು ಎಂದು ನಾನೂ ಬಂದವರೂ ಕೂತು ಹುಡುಕುವುದೇ ನಮ್ಮ ಕೆಲಸ.

ಅದಕ್ಕಿಂತ ಮೊದಲು ಒಂದು ಮಾತು, ದಯವಿಟ್ಟು ಇದನ್ನು ಓದಿ. ದಿನಾ ಜಾಸ್ತಿ ಕುಡಿಯುವವರು ಮನೆಯಲ್ಲಿ ಏಕಾಏಕಿ ನಿಲ್ಲಿಸಬಾರದು. ಕುಡಿತ ನಿಂತ 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು, ಎದೆಬಡಿತ ಶುರುವಾಗಬಹುದು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಗೋಡೆ ಮೇಲೆ ಹುಳ ಹರಿದ ಹಾಗೆ ಕಾಣುತ್ತೆ, ಹೊತ್ತು ಗೊತ್ತಾಗಲ್ಲ, ಎದುರಿಗಿದ್ದವರ ಗುರುತು ಸಿಗಲ್ಲ. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಲು ಕರೆದುಕೊಂಡು ಹೋದ ಮನೆಗಳನ್ನು ನೋಡಿದ್ದೇನೆ. ಇದು ಜೀವಕ್ಕೇ ಅಪಾಯ. ಆಸ್ಪತ್ರೆ ಬೇಕು, ಮಾತ್ರೆ ಬೇಕು, ವಿಟಮಿನ್ ಬಿ1 ಬೇಕು. ಎಲ್ಲಿಗೆ ಹೋಗಬೇಕು ಎಂದು ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಆದರೆ ಫಿಟ್ಸ್ ಬಂದರೆ, ಮಾತು ಅಡ್ಡಾದಿಡ್ಡಿಯಾದರೆ ಫೋನ್ ಮಾಡುತ್ತಾ ಕೂರಬೇಡಿ, 108 ಕರೆಸಿ. ಇನ್ನೊಂದು ವಿಷಯ. ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಮ್ ಮಾತ್ರೆಯನ್ನು ಗಂಡನಿಗೆ ಗೊತ್ತಾಗದಂತೆ ಸಾರಿಗೆ ಬೆರೆಸಿ ಕೊಡುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ಅದರ ಮೇಲೆ ಅವರು ಕುಡಿದರೆ ಬಿಪಿ ಇಳಿದು ಪ್ರಾಣ ಹೋಗಬಹುದು. ದಯವಿಟ್ಟು ಬೇಡ.

ದೇಹ ಸುಧಾರಿಸಿ, ನಿದ್ದೆ ಊಟ ಒಂದು ಹದಕ್ಕೆ ಬಂದ ಮೇಲೆ ನಾವು ಕೂರುತ್ತೇವೆ.

ಆಲ್ದೂರು ಕಡೆಯ ಒಂದು ತೋಟದ ರೈಟರ್ ಬಗ್ಗೆ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. "ಎಷ್ಟು ಕುಡೀತೀರಿ?" ಎಂದರೆ "ಸ್ವಲ್ಪ ಮೇಡಂ" ಎಂದರು. ಸ್ವಲ್ಪ ಅಂದರೆ ದಿನಕ್ಕೆ ಎರಡು ಕ್ವಾರ್ಟರ್. 180 ಎಂಎಲ್‌ನ ಒಂದು ಕ್ವಾರ್ಟರ್ ವಿಸ್ಕಿಯಲ್ಲಿ ಹೆಚ್ಚುಕಡಿಮೆ 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದೆ. ದಿನಾ ಕೂಲಿಯ ಲೆಕ್ಕ ಬರೆಯುವ ಮನುಷ್ಯ, ಒಂದು ನಿಮಿಷ ಆ ಅಂಕಿಯನ್ನೇ ನೋಡಿದರು.

"ಯಾಕೆ ಕುಡಿದ್ರಿ?" ಎಂದಿದ್ದರೆ ಅವರ ಉತ್ತರ "ಟೆನ್ಷನ್" ಎಂದಷ್ಟೇ ಇರುತ್ತಿತ್ತು. ಅದರಿಂದ ಏನೂ ಸಿಗಲ್ಲ. ಅರ್ಧ ಗಂಟೆಯನ್ನು ಬಿಡಿಸಿ ಕೇಳಿದಾಗ ಹೀಗೆ ಬಂತು. ಶನಿವಾರ, ಬಟವಾಡೆ ದಿನ. ಬೆಳಿಗ್ಗೆ ಎರಡು ರೊಟ್ಟಿ ತಿಂದವರು ಮಧ್ಯಾಹ್ನ ಉಂಡಿಲ್ಲ. ಲೆಕ್ಕದಲ್ಲಿ ಒಂದು ಆಳು ತಪ್ಪಿದೆ ಎಂದು ಸಾಹುಕಾರ್ರು ಎಲ್ಲರ ಮುಂದೆ ಜೋರು ಮಾಡಿದ್ದಾರೆ. ಸಂಜೆ ಐದೂವರೆಗೆ ಹೊರಟರು. ಮನೆಗೆ ಹೋಗಲು ಎರಡು ದಾರಿ ಇವೆ. ಎಲೆ ಅಡಿಕೆ ಬೇಕಿತ್ತು, ಹಾಗಾಗಿ ರಸ್ತೆ ದಾರಿ ಹಿಡಿದರು. ಎಲೆ ಅಡಿಕೆ ಅಂಗಡಿಯ ಪಕ್ಕದಲ್ಲೇ ವೈನ್ ಶಾಪ್. ಅಲ್ಲಿ ಒಬ್ಬ ಸ್ನೇಹಿತ ನಿಂತಿದ್ದ. ಜೇಬಲ್ಲಿ ದುಡ್ಡಿತ್ತು.

"ಕುಡೀಬೇಕು ಅಂತ ಹೊರಟಿರಲಿಲ್ಲ ಮೇಡಂ, ದೇವರಾಣೆ." ನಾನು ನಂಬುತ್ತೇನೆ. ಈ ಸಣ್ಣ ಸಣ್ಣ ನಿರ್ಧಾರಗಳು ಒಂದೊಂದೂ ಕುಡಿತಕ್ಕೆ ಸಂಬಂಧವೇ ಇಲ್ಲದಂತೆ ಕಾಣುತ್ತವೆ, ಸೇರಿದರೆ ನೇರ ಅಂಗಡಿ ಬಾಗಿಲಿಗೆ ತಂದು ನಿಲ್ಲಿಸುತ್ತವೆ. ಮಾರ್ಲಟ್ ಇದನ್ನು ಚೆನ್ನಾಗಿ ಗುರುತಿಸಿದ್ದರು. ವೈನ್ ಶಾಪ್ ಮುಂದೆ ನಿಂತು ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಬಹಳ ಕಷ್ಟ. ಮಧ್ಯಾಹ್ನ ಊಟ ಮಾಡುವುದು, ಎಲೆ ಅಡಿಕೆಯನ್ನು ಬೆಳಿಗ್ಗೆಯೇ ತಂದಿಟ್ಟುಕೊಳ್ಳುವುದು, ತೋಟದ ಒಳದಾರಿಯಲ್ಲಿ ಮನೆಗೆ ಹೋಗುವುದು ಅಷ್ಟು ಕಷ್ಟ ಅಲ್ಲ. ನಾವು ಮೊದಲು ಬದಲಿಸಿದ್ದು ಇವನ್ನೇ. ಬಟವಾಡೆ ದಿನ ಮಗ ಬೈಕಲ್ಲಿ ಬಂದು ಕರೆದುಕೊಂಡು ಹೋಗುವುದು ಎಂದೂ ಗೊತ್ತು ಮಾಡಿಕೊಂಡೆವು. ಹಸಿವನ್ನು ಜನ ಲೆಕ್ಕಕ್ಕೇ ತಗೊಳ್ಳಲ್ಲ. ಸಂಜೆ ಕೆಲಸ ಬಿಟ್ಟ ತಕ್ಷಣ ಹೊಟ್ಟೆ ತುಂಬ ಒಂದು ತಿಂಡಿ, ಅದು ಕಡುಬೋ ಉಪ್ಪಿಟ್ಟೋ ಏನಾದರೂ ಇರಲಿ, ಬಿದ್ದರೆ ಆಸೆಯ ಜೋರು ಎಷ್ಟೋ ಇಳಿಯುತ್ತೆ.

ಮಾಲೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಇದು ಪ್ರತಿ ವರ್ಷ ಬರುವ ಮಾತು. "ಅಯ್ಯಪ್ಪನ ಮಾಲೆ ಹಾಕಿದ್ದಾಗ ಒಂದು ಹನಿ ಮುಟ್ಟಲ್ಲ. ಆಗ ಆಗುತ್ತೆ, ಈಗ ಯಾಕಾಗಲ್ಲ?" ಎಂದು ಮನೆಯವರು ಸಿಟ್ಟಿನಿಂದ ಕೇಳುತ್ತಾರೆ. ನನಗಂತೂ ಇದು ಬಹಳ ಒಳ್ಳೆಯ ಪ್ರಶ್ನೆ ಅನಿಸುತ್ತೆ. ಅದನ್ನೇ ಹಿಡಿದು ಕೂರುತ್ತೇವೆ. ಆ 41 ಅಥವಾ 48 ದಿನ ಏನೇನು ಬೇರೆ ಇತ್ತು? ಬೆಳಗಿನ ಜಾವ ಏಳುತ್ತಿದ್ದರು, ತಣ್ಣೀರು ಸ್ನಾನ. ಸಂಜೆ ಏಳಕ್ಕೆ ಭಜನೆ, ಅಂದರೆ ದಿನಾ ಕುಡಿಯುತ್ತಿದ್ದ ಹೊತ್ತಿಗೆ ಸರಿಯಾಗಿ ಜನರ ನಡುವೆ ಒಂದು ಕೆಲಸ. ಹೊತ್ತಿಗೆ ಸರಿಯಾಗಿ ಊಟ. ಕಪ್ಪು ಬಟ್ಟೆ ದೂರದಿಂದಲೇ ಕಾಣುವುದರಿಂದ ಯಾರೂ "ಬಾ ಒಂದು ಹಾಕೋಣ" ಎನ್ನುತ್ತಿರಲಿಲ್ಲ. ಊರೇ "ಸ್ವಾಮಿ" ಎಂದು ಗೌರವದಿಂದ ಮಾತಾಡಿಸುತ್ತಿತ್ತು. ಇಷ್ಟೆಲ್ಲ ಒಟ್ಟಿಗೆ ಕೆಲಸ ಮಾಡಿದ್ದಕ್ಕೆ ಅವರು ಕುಡಿಯಲಿಲ್ಲ.

ಮಾಲೆ ತೆಗೆದ ಮೇಲೆ ಇದರಲ್ಲಿ ಏನೇನು ಉಳಿಸಿಕೊಳ್ಳಬಹುದು ಎಂದು ಪಟ್ಟಿ ಮಾಡುತ್ತೇವೆ. ಒಬ್ಬರು ಸಂಜೆ ಏಳರ ಭಜನೆಯನ್ನೇ ಮುಂದುವರಿಸಿದರು. ಇನ್ನೊಬ್ಬರು ಆ ಹೊತ್ತಿಗೆ ಹಾಲಿನ ಡೈರಿ ಕೆಲಸ ಹಿಡಿದರು. ಮಾಲೆಗೆ ಒಂದು ತೊಂದರೆಯೂ ಇದೆ. ಅದಕ್ಕೆ ಕೊನೆಯ ದಿನ ಇದೆ, ಮನಸ್ಸು ಆ ದಿನವನ್ನು ಎಣಿಸುತ್ತಾ ಇರುತ್ತೆ. ಶಬರಿಮಲೆಯಿಂದ ವಾಪಸ್ ಬರುವ ದಾರಿಯಲ್ಲೇ ಶುರು ಮಾಡಿದವರಿದ್ದಾರೆ. ಅದಕ್ಕೇ ಯಾತ್ರೆಗೆ ಹೊರಡುವ ಮೊದಲೇ ವಾಪಸ್ ಬರುವ ದಿನದ ಬಗ್ಗೆ ಮಾತಾಡಿಕೊಳ್ಳುತ್ತೇವೆ.

ಆಸೆ ಬಂದಾಗ ಏನು ಮಾಡಬೇಕು? ಬಹಳ ಜನ ಅದರ ಜೊತೆ ಜಗಳ ಆಡುತ್ತಾರೆ. "ಬರಬಾರದು, ಬರಬಾರದು" ಅಂದಷ್ಟೂ ಅದು ಜಾಸ್ತಿಯಾಗುತ್ತೆ. ಆಸೆ ಏರುತ್ತೆ, ಒಂದು ಮಟ್ಟ ಮುಟ್ಟುತ್ತೆ, ಆಮೇಲೆ ತಾನಾಗಿ ಇಳಿಯುತ್ತೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ. ಜುಲೈ ತಿಂಗಳಲ್ಲಿ ಒಮ್ಮೆಲೇ ಮಳೆ ಹೊಡೆದರೆ ನಾವು ಸೂರಿನಡಿ ನಿಂತು ಜೋರು ಇಳಿಯಲಿ ಎಂದು ಕಾಯ್ತೀವಲ್ಲ, ಹಾಗೆ. ಕಾಯುವಾಗ ಅದನ್ನು ಗಮನಿಸಲು ಹೇಳುತ್ತೇನೆ. ಆಸೆ ದೇಹದಲ್ಲಿ ಎಲ್ಲಿ ಗೊತ್ತಾಗುತ್ತೆ? ಗಂಟಲು ಒಣಗುತ್ತಾ, ಹೊಟ್ಟೆಯಲ್ಲಿ ಸಂಕಟವಾಗುತ್ತಾ, ಕೈ ಚಡಪಡಿಸುತ್ತಾ? ಹತ್ತಕ್ಕೆ ಎಷ್ಟು? ಓದು ಬರಹ ಬಾರದವರು ಬೆರಳಲ್ಲಿ ತೋರಿಸುತ್ತಾರೆ. ಎಂಟು ಬೆರಳು ಇದ್ದದ್ದು ಸ್ವಲ್ಪ ಹೊತ್ತಿನಲ್ಲಿ ಐದಕ್ಕೆ, ಮೂರಕ್ಕೆ ಇಳಿಯುವುದನ್ನು ನನ್ನ ಮುಂದೆಯೇ ಒಮ್ಮೆ ಕಂಡರೆ, ಕುಡಿಯದೆಯೂ ಇದು ಇಳಿಯುತ್ತೆ ಅನ್ನೋ ನಂಬಿಕೆ ಬರುತ್ತೆ.

ಇನ್ನು ಯೋಚನೆಗಳು. "ಚಳಿಗೆ ಬೇಕು" ಎನ್ನುವುದು ಮಲೆನಾಡಿನಲ್ಲಿ ಎಲ್ಲರ ಬಾಯಲ್ಲೂ ಇದೆ. "ಮೈಕೈ ನೋವಿಗೆ ಬೇಕು, ಕುಡಿಯದಿದ್ರೆ ನಿದ್ದೆ ಬರಲ್ಲ." "ನಾನು ದುಡಿದ ದುಡ್ಡು." "ಇವತ್ತೊಂದಿನ ತಾನೆ." ಇವು ಸುಳ್ಳು ಎಂದು ವಾದಕ್ಕಿಳಿದರೆ ಅವರು ಬಾಯಿ ಮುಚ್ಚುತ್ತಾರೆ, ಅಷ್ಟೇ. ನಾನು ಪರೀಕ್ಷೆ ಮಾಡಿ ನೋಡೋಣ ಎನ್ನುತ್ತೇನೆ. ಕುಡಿದಾಗ ಚರ್ಮದ ರಕ್ತನಾಳ ಹಿಗ್ಗಿ ಬಿಸಿ ಅನಿಸುತ್ತೆ, ನಿಜ. ಆದರೆ ಮೈಯ ಶಾಖ ಹೊರಗೆ ಹೋಗುತ್ತಿರುತ್ತೆ. ನಿದ್ದೆಯೂ ಹಾಗೆಯೇ. ಕಣ್ಣು ಬೇಗ ಮುಚ್ಚುತ್ತೆ, ರಾತ್ರಿಯ ಎರಡನೇ ಭಾಗ ಹಾಳಾಗುತ್ತೆ. ರೈಟರ್ ಅವರ ಹೆಂಡತಿಗೆ ಹಳೆಯ ರಾತ್ರಿಗಳೆಲ್ಲ ನೆನಪಿದ್ದವು. ಕುಡಿದ ದಿನ ನಡುರಾತ್ರಿ ಎದ್ದು ಓಡಾಡುತ್ತಿದ್ದರಂತೆ, ಬಾಯಾರಿಕೆ, ಬೆವರು. ಬಿಟ್ಟ ಮೊದಲ ವಾರಗಳಲ್ಲಿ ನಿದ್ದೆ ಕೆಟ್ಟದಾಗಿಯೇ ಇರುತ್ತೆ ಎಂದು ನಾನು ಮುಂಚೆಯೇ ಹೇಳಿಬಿಡುತ್ತೇನೆ. ಹೇಳದಿದ್ದರೆ ಅದನ್ನೇ ಹಿಡಿದು "ನೋಡಿ, ನನಗೆ ಬೇಕೇ ಬೇಕು" ಎಂದು ಮತ್ತೆ ಶುರು ಮಾಡುತ್ತಾರೆ. ರೈಟರ್ ಕ್ಯಾಲೆಂಡರ್‌ನ ತಾರೀಕಿನ ಕೆಳಗೆ ಎದ್ದ ಹೊತ್ತನ್ನು ಪೆನ್ಸಿಲಲ್ಲಿ ಬರೆಯುತ್ತಾ ಹೋದರು. ನಿದ್ದೆ ಒಂದಾಗುತ್ತಾ ಬಂದದ್ದು ಅವರ ಕೈಬರಹದಲ್ಲೇ ಕಾಣುತ್ತಿತ್ತು.

ಬೇಡ ಎನ್ನುವುದನ್ನೂ ಅಭ್ಯಾಸ ಮಾಡಬೇಕು. ನಾನೇ ಅವರ ಸ್ನೇಹಿತ ಆಗುತ್ತೇನೆ. "ಏನ್ ಮಾರಾಯ, ದೊಡ್ಡ ಮನುಷ್ಯ ಆಗ್ಬಿಟ್ಯಾ? ಒಂದೇ ಒಂದು ನೈಂಟಿ, ನನಗೋಸ್ಕರ." ಮೊದಲು ಎಲ್ಲರೂ ನೆಪ ಹೇಳುತ್ತಾರೆ, "ಮಾತ್ರೆ ತಗೊಳ್ತಿದೀನಿ" ಎಂದು. ಆಗ ನಾನು "ಮಾತ್ರೆ ಯಾವಾಗ ಮುಗಿಯುತ್ತೆ?" ಎನ್ನುತ್ತೇನೆ. ನೆಪಕ್ಕೆ ಅಲ್ಲಿಗೆ ಆಯಸ್ಸು ಮುಗೀತು. ಚಿಕ್ಕದಾಗಿ, ಮುಖ ನೋಡಿ ಹೇಳುವ ಮಾತು ಜಾಸ್ತಿ ದಿನ ಬಾಳುತ್ತೆ. "ನಾನು ಬಿಟ್ಟಿದೀನಿ ಕಣೋ. ಊಟ ಶುರುವಾಯ್ತಾ?" ಹಿರಿಯರಿಗೆ ಬೇಡ ಎನ್ನುವುದು ಇನ್ನೂ ಕಷ್ಟ, ಅದರಲ್ಲೂ ಹೆಂಡತಿ ಕಡೆಯವರಿಗೆ. "ಬೇಡ ಭಾವ, ನಾನು ಪೂರ್ತಿ ಬಿಟ್ಟಿದೀನಿ" ಎಂಬ ಒಂದು ಸಾಲನ್ನು ದನಿ ಅಲುಗದ ಹಾಗೆ ಹೇಳಲು ರೈಟರ್ ಎಷ್ಟೋ ಸಲ ಅಭ್ಯಾಸ ಮಾಡಿದರು. ಕೈಯಲ್ಲಿ ಮಜ್ಜಿಗೆಯದ್ದೋ ಜ್ಯೂಸಿನದ್ದೋ ಲೋಟ ಇದ್ದರೆ ಕೇಳುವವರೂ ಕಮ್ಮಿ.

ಮನೆಯವರ ಜೊತೆಗೂ ಕೂರುತ್ತೇನೆ. ಹೆಂಡತಿ ಪ್ರತಿ ರಾತ್ರಿ ಬಾಗಿಲಲ್ಲೇ ಬಾಯಿ ಮೂಸಿ ನೋಡುವುದು ನಮ್ಮಲ್ಲಿ ಸಾಮಾನ್ಯ. ಅವರ ಭಯ ನನಗೆ ಅರ್ಥವಾಗುತ್ತೆ, ವರ್ಷಗಟ್ಟಲೆ ಏಟು ತಿಂದವರೂ ಅವರಲ್ಲಿದ್ದಾರೆ. ಏಟು ಬೀಳುವ ಮನೆಯಲ್ಲಿ ನಾನು ಮೊದಲು ನೋಡುವುದು ಹೆಣ್ಣುಮಕ್ಕಳ ಸುರಕ್ಷತೆ, ಮಿಕ್ಕಿದ್ದು ಆಮೇಲೆ. ಆದರೆ ಕುಡಿಯದೆ ಬಂದ ದಿನವೂ ಮೂಸಿಸಿಕೊಂಡರೆ, "ಕುಡಿದರೂ ಇಷ್ಟೇ, ಬಿಟ್ಟರೂ ಇಷ್ಟೇ" ಎಂಬ ಯೋಚನೆ ಹುಟ್ಟುತ್ತೆ. ರೈಟರ್ ಮನೆಯಲ್ಲಿ ಆದ ಒಪ್ಪಂದ ಹೀಗಿತ್ತು. ಅವರೇ ಬಂದ ತಕ್ಷಣ ಹೇಳಬೇಕು, ಕುಡಿದಿದ್ದರೂ ಕುಡಿಯದಿದ್ದರೂ. ಹೆಂಡತಿ ಆ ರಾತ್ರಿ ಜಗಳ ಎತ್ತಬಾರದು, ಬೆಳಿಗ್ಗೆ ಮಾತಾಡಬೇಕು. ಕುಡಿಯದೆ ಬಂದ ದಿನ ಇಬ್ಬರೂ ಒಟ್ಟಿಗೆ ಕೂತು ಊಟ.

ಜಾರುವುದು ಆಗುತ್ತೆ. ಎಲ್ಲರಿಗೂ ಆಗುತ್ತೆ ಎನ್ನುತ್ತಿಲ್ಲ, ಬಹಳ ಜನರಿಗೆ ಆಗುತ್ತೆ. ಒಂದು ಲೋಟ ಕುಡಿದ ಮೇಲೆ ಬರುವ ಯೋಚನೆ ಆ ಲೋಟಕ್ಕಿಂತ ಹೆಚ್ಚು ಕೆಡಿಸುತ್ತೆ: "ಹೇಗೂ ಕುಡಿದಾಯ್ತು, ಇನ್ನೇನಿದೆ." ಧರ್ಮಸ್ಥಳದ ಮಂಜುನಾಥನ ಮೇಲೆ ಆಣೆ ಇಟ್ಟು ಬಿಟ್ಟವರಲ್ಲಿ ಇದು ಇನ್ನೂ ಜೋರು. ಆಣೆ ಮುರಿದ ಪಾಪಭಾರ ಹೊತ್ತು ವಾರಗಟ್ಟಲೆ ಕುಡಿಯುತ್ತಾರೆ. ಅವರ ಭಕ್ತಿಯನ್ನು ನಾನು ಮುಟ್ಟುವುದಿಲ್ಲ. ಒಂದು ಲೋಟಕ್ಕೂ ಎರಡನೇ ಲೋಟಕ್ಕೂ ನಡುವೆ ಒಂದು ನಿರ್ಧಾರ ಇದೆ, ಅದು ಇನ್ನೂ ನಿಮ್ಮ ಕೈಯಲ್ಲೇ ಇದೆ ಎಂದು ಹೇಳುತ್ತೇನೆ. ಅದಕ್ಕಾಗಿ ಚೀಟಿ ಬರೆದು ಜೇಬಲ್ಲಿ ಇಡಿಸುವುದು ವಾಡಿಕೆ. ಓದಲು ಬಾರದವರಿಗೆ ನಾನು ಫೋನಲ್ಲಿ ಅವರದೇ ದನಿ ರೆಕಾರ್ಡ್ ಮಾಡಿಸುತ್ತೇನೆ. ಒಬ್ಬ ಜೀಪ್ ಡ್ರೈವರ್ ಹೇಳಿಟ್ಟದ್ದು ಹೀಗೆ: "ಒಂದು ಕುಡ್ದಿದೀಯ. ಆಯ್ತು. ಲೋಟ ಕೆಳಗಿಡು. ಗಾಡಿ ಓಡಿಸ್ಬೇಡ. ಅಣ್ಣಂಗೆ ಫೋನ್ ಮಾಡು, ಬಂದು ಕರ್ಕೊಂಡು ಹೋಗ್ತಾನೆ." ಬೇರೆ ಯಾರು ಹೇಳಿದರೂ ಉಪದೇಶ ಅನಿಸುವ ಮಾತನ್ನು ಅವರು ತಮ್ಮ ದನಿಯಲ್ಲಿ ಕೇಳಿಸಿಕೊಳ್ಳುತ್ತಾರೆ.

ಸಿಬಿಟಿಯೇ ಎಲ್ಲಕ್ಕಿಂತ ಮೇಲು ಎಂದು ನಾನು ಹೇಳುವುದಿಲ್ಲ. 1990ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ಪ್ರಾಜೆಕ್ಟ್ ಮ್ಯಾಚ್ ಎಂಬ ದೊಡ್ಡ ಅಧ್ಯಯನದಲ್ಲಿ 1,726 ಜನರಿಗೆ ಮೂರು ಬಗೆಯ ಚಿಕಿತ್ಸೆ ಕೊಟ್ಟು ನೋಡಿದರು. ಸಿಬಿಟಿ, ಪ್ರೇರಣೆ ಹೆಚ್ಚಿಸುವ ಮಾತುಕತೆ, ಎಎ (ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಕೂಟ) ಸಭೆಗಳತ್ತ ಕರೆದೊಯ್ಯುವ ವಿಧಾನ, ಮೂರರ ಫಲವೂ ಹೆಚ್ಚುಕಡಿಮೆ ಸಮವಾಗಿತ್ತು. ಹಾಗಾಗಿ ಎಎ ಸಭೆಗೆ ಹೋಗುವವರನ್ನು, ಮದ್ಯವರ್ಜನ ಶಿಬಿರ ಮುಗಿಸಿ ಬಂದವರನ್ನು ನಾನು ಖುಷಿಯಿಂದಲೇ ಸೇರಿಸಿಕೊಳ್ಳುತ್ತೇನೆ. ಕುಡಿಯುವ ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್‌ನಂಥ ಮಾತ್ರೆ ಬೇಕಾ ಬೇಡವಾ ಎನ್ನುವುದನ್ನು ಮನೋವೈದ್ಯರು ನೋಡಿಕೊಳ್ಳುತ್ತಾರೆ. ಕುಡಿದು ಕುಡಿದು ನೆನಪಿನ ಶಕ್ತಿಯೇ ಕುಂದಿದವರಿಗೆ ಈ ವಿಧಾನ ಕಷ್ಟ. ಅಂಥವರಿಗೆ ಮನೆಯವರ ಕೈಯಲ್ಲೇ ಜಾಸ್ತಿ ಕೆಲಸ.

ಕೊನೆಕೊನೆಯ ಭೇಟಿಗಳಲ್ಲಿ ವರ್ಷದ ಕ್ಯಾಲೆಂಡರ್ ಮುಂದಿಟ್ಟುಕೊಳ್ಳುತ್ತೇವೆ. ಯುಗಾದಿ ಮಾರನೇ ದಿನದ ವರ್ಷತೊಡಕು, ಊರ ಹಬ್ಬ, ಮಳೆ ಹಿಡಿದು ಕೆಲಸವಿಲ್ಲದೆ ಕೂರುವ ದಿನಗಳು, ಗಣಪತಿ ಬಿಡುವ ರಾತ್ರಿ, ಕೊಯ್ಲು ಮುಗಿದು ಕೈತುಂಬ ದುಡ್ಡು ಬರುವ ವಾರ. ಒಂದೊಂದಕ್ಕೂ ಸುತ್ತು ಹಾಕಿ, ಆ ದಿನ ಎಲ್ಲಿರ್ತೀರಿ, ಯಾರ ಜೊತೆ, ದುಡ್ಡು ಯಾರ ಕೈಯಲ್ಲಿ ಎಂದು ಬರೆಯುತ್ತೇವೆ. ವರ್ಷತೊಡಕಿಗೆ ರೈಟರ್ ತಂಗಿ ಮನೆ ಎಂದರು. ತಂಗಿಯ ಗಂಡ ಕುಡಿಯುವುದಿಲ್ಲ, ಬಾಡೂಟ ಮಧ್ಯಾಹ್ನಕ್ಕೇ ಮುಗಿಯುತ್ತೆ, ಸಂಜೆ ಬಸ್ಸಿಗೆ ವಾಪಸ್. ನಾನು ಬರೆದು ಮುಗಿಸುವಷ್ಟರಲ್ಲಿ ಅವರೇ ತಡೆದರು. "ಇರಿ ಮೇಡಂ, ಬಸ್ ನಿಲ್ಲೋದು ವೈನ್ ಶಾಪ್ ಎದುರಿಗೆ. ಒಂದು ಸ್ಟಾಪ್ ಹಿಂದೆನೇ ಇಳೀತೀನಿ ಅಂತ ಬರ್ಕೊಳ್ಳಿ." ಆ ಅರ್ಧ ಗಂಟೆಯನ್ನು ನಾನು ಕೇಳದೆಯೇ ಅವರು ನೋಡಿಕೊಂಡಿದ್ದರು. ಅಂದಿನಿಂದ ಅವರ ಭೇಟಿಯನ್ನು ವಾರದ ಬದಲು ತಿಂಗಳಿಗೊಮ್ಮೆ ಮಾಡಿದೆವು.