ಬಿಸಿಲಿಗೆ ಬಾಳದ ಫ್ಯಾನು, ಗುಜರಿಯ ಮೋಟಾರು

ಪಂಪ್‌ಸೆಟ್ ಮೋಟಾರುಗಳಿಗೆ ಕಾಯಿಲ್ ಸುತ್ತಿ ಹೊಟ್ಟೆ ಹೊರೆಯುವ ನನಗೆ ಕಾರಿನ ರೇಡಿಯೇಟರ್ ಫ್ಯಾನು ದೊಡ್ಡ ರಹಸ್ಯವೇನಲ್ಲ. ತಗಡಿನ ಡಬ್ಬಿ, ಒಳಗೆ ಅಯಸ್ಕಾಂತ, ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಶ್, ಹೊರಗೆ ಎರಡು ವೈರ್. ಆದರೆ ನನ್ನ ಹಳೆಯ ಸಣ್ಣ ಕಾರಿಗೆ ಕಾರ್ಖಾನೆಯಲ್ಲೇ ಕೂರಿಸಿದ ಮೋಟಾರು ಕಲಬುರಗಿಯ ಬೇಸಿಗೆಗೆ ಹೇಳಿ ಮಾಡಿಸಿದ್ದಲ್ಲ. ಅದರ ಶಾಫ್ಟ್ ತಿರುಗುವುದು ಬಾಲ್ ಬೇರಿಂಗಿನಲ್ಲಿ ಅಲ್ಲ, ಎಣ್ಣೆ ಹೀರಿಸಿದ ಬುಶ್ ಎಂಬ ಲೋಹದ ಬಳೆಯಲ್ಲಿ. ಮೇ ತಿಂಗಳಲ್ಲಿ ಹೊರಗೇ 42 ಡಿಗ್ರಿ ದಾಟಿರುವಾಗ ಬಾನೆಟ್ ಒಳಗಿನ ಕಾವಿಗೆ ಆ ಎಣ್ಣೆ ಒಣಗುತ್ತದೆ. ಬುಶ್ ಸವೆಯುತ್ತದೆ, ಶಾಫ್ಟ್ ಅಲ್ಲಾಡುತ್ತದೆ, ಮೋಟಾರು ಹೆಚ್ಚು ಕರೆಂಟ್ ಎಳೆಯುತ್ತದೆ, ಕೊನೆಗೆ ಫ್ಯೂಸ್ ಹೋಗುತ್ತದೆ. ಜೇವರ್ಗಿ ರಸ್ತೆಯಲ್ಲಿ ಓಡುವಾಗ ಇದಾವುದೂ ತಿಳಿಯುವುದಿಲ್ಲ, ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ಸೂಪರ್ ಮಾರ್ಕೆಟ್ ಪೇಟೆಯ ಗದ್ದಲದಲ್ಲಿ ಎ.ಸಿ. ಹಾಕಿಕೊಂಡು ನಿಂತರೆ ಟೆಂಪರೇಚರ್ ಮುಳ್ಳು ಏರತೊಡಗುತ್ತದೆ. ಅದೇ ಜಾತಿಯ ಮೋಟಾರನ್ನು ಹೊಸದಾಗಿ ಮತ್ತೆ ಕೊಳ್ಳುವುದಕ್ಕಿಂತ ದೊಡ್ಡ ಕಾರಿನ ಗಟ್ಟಿ ಫ್ಯಾನನ್ನು ಗುಜರಿಯಿಂದ ತರುವುದು ಮೇಲು.

ತರುವ ಮೊದಲು ತಪ್ಪು ಮೋಟಾರಿನದೇ ಎಂದು ಖಚಿತಪಡಿಸಿಕೊಳ್ಳಿ. ಫ್ಯೂಸ್ ನೋಡಿ, ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್ಚಾದ ರಿಲೇಯನ್ನೂ ನೋಡಿ. ಮೋಟಾರಿನ ಸಾಕೆಟ್ ಬಿಚ್ಚಿ ಬ್ಯಾಟರಿಯಿಂದ ನೇರವಾಗಿ ವಿದ್ಯುತ್ ಕೊಡಿ. ತಿರುಗದಿದ್ದರೆ ಸ್ಕ್ರೂ ಡ್ರೈವರಿನ ಹಿಡಿಯಿಂದ ಮೋಟಾರಿನ ಬೆನ್ನಿಗೆ ಮೆಲ್ಲಗೆ ತಟ್ಟಿ. ತಟ್ಟಿದೊಡನೆ ಎದ್ದರೆ ಬ್ರಶ್ ಸವೆದಿದೆ ಎಂದು ತಿಳಿಯಿರಿ. ರೇಡಿಯೇಟರಿನ ಜಾಲರಿಯನ್ನೂ ನೋಡಿ. ನಮ್ಮ ಕಡೆ ತೊಗರಿ ರಾಶಿಯ ಕಾಲದಲ್ಲಿ ರಸ್ತೆಯಲ್ಲಿ ಹಾರುವ ಹೊಟ್ಟು ಅಲ್ಲಿ ಮೆತ್ತಿಕೊಂಡಿದ್ದರೆ ಎಂಥ ಫ್ಯಾನು ಹಾಕಿದರೂ ದಂಡ. ಎಂಜಿನ್ ಆರಿದ ಮೇಲೆ ಒಳಗಿನಿಂದ ಹೊರಗೆ ಮೆಲ್ಲನೆ ನೀರು ಬಿಟ್ಟು ತೊಳೆಯಿರಿ. ಜೋರು ಪ್ರೆಶರ್ ಬೇಡ, ಜಾಲರಿ ಮಡಚಿಹೋಗುತ್ತದೆ.

ಹೊಸ ಮಾದರಿಯ ಕಾರುಗಳಲ್ಲಿ ಫ್ಯಾನಿನ ವೇಗವನ್ನು ಹೆಚ್ಚು ಕಡಿಮೆ ಮಾಡುವುದು ಕಂಪ್ಯೂಟರ್. ಅಂಥ ಕಾರಿಗೆ ಈ ಉಪಾಯ ಬೇಡ. ಆನ್ ಅಥವಾ ಆಫ್ ಎಂಬ ಎರಡೇ ಸ್ಥಿತಿ ಇರುವ ಹಳೆಯ ಕಾರುಗಳಿಗೆ ಮಾತ್ರ ಇದು.

ಗುಜರಿಗೆ ಹೋಗುವ ಮುನ್ನ ರೇಡಿಯೇಟರಿನ ಅಗಲ, ಎತ್ತರ, ಅದಕ್ಕೂ ಎಂಜಿನ್ನಿಗೂ ನಡುವಿನ ಜಾಗ, ಈ ಮೂರನ್ನೂ ಅಳೆದು ಚೀಟಿಯಲ್ಲಿ ಬರೆದುಕೊಳ್ಳಿ. ಜೊತೆಗೆ 12 ವೋಲ್ಟಿನ ಒಂದು ಬ್ಯಾಟರಿ ಮತ್ತು ಕ್ಲಿಪ್ ಹಾಕಿದ ದಪ್ಪ ವೈರ್ ಒಯ್ಯಿರಿ. ‘ಗ್ಯಾರಂಟಿ ಮಾಲು, ಕಾಕಾ’ ಎಂದು ಅಂಗಡಿಯವನು ಆಣೆ ಇಟ್ಟರೂ ತಿರುಗಿಸಿ ನೋಡದೆ ದುಡ್ಡು ಬಿಚ್ಚಬೇಡಿ. ಮೊದಲು ರೆಕ್ಕೆಯನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕಟಕಟ ಎಂದರೆ ಅಲ್ಲೇ ಇಟ್ಟು ಮುಂದಿನದನ್ನು ನೋಡಿ. ಬೆರಳಿನಿಂದ ತಿರುಗಿಸಿದಾಗ ಬಿಟ್ಟು ಬಿಟ್ಟು ತಡೆದಂತಾಗುವುದು ಅಯಸ್ಕಾಂತದ ಸೆಳೆತ, ಅದು ದೋಷವಲ್ಲ. ಕರಕರ ಸದ್ದು ದೋಷ. ಸಾಕೆಟ್ಟಿನ ಪ್ಲಾಸ್ಟಿಕ್ ಕಂದಾಗಿದ್ದರೆ ಆ ಮೋಟಾರು ಕಾದು ನರಳಿದೆ ಎಂದರ್ಥ. ಇಷ್ಟರಲ್ಲಿ ಪಾಸಾದರೆ ಫ್ಯಾನಿನ ಚೌಕಟ್ಟನ್ನು ಭದ್ರವಾಗಿ ಒತ್ತಿ ಹಿಡಿದು ಬ್ಯಾಟರಿ ಕೊಡಿ, ಹತ್ತು ನಿಮಿಷ ಓಡಲಿ. ಆಮೇಲೆ ಮೂಗು ಹತ್ತಿರ ತಂದು ವಾಸನೆ ನೋಡಿ. ಸುಟ್ಟ ವಾರ್ನಿಷಿನ ಘಾಟು ನನ್ನ ಅಂಗಡಿಯಲ್ಲಿ ದಿನವೂ ಮೂಗಿಗೆ ಬಡಿಯುವಂಥದ್ದು. ಒಮ್ಮೆ ಗುರುತಾದರೆ ನಿಮಗೂ ಮರೆಯುವುದಿಲ್ಲ.

ಮೋಟಾರು, ರೆಕ್ಕೆ, ಸುತ್ತಿನ ಪ್ಲಾಸ್ಟಿಕ್ ಚೌಕಟ್ಟು ಒಂದೇ ಕಾರಿನದಾಗಿರಲಿ. ಸಾಕೆಟ್ಟನ್ನು ಒಂದು ಗೇಣು ವೈರಿನ ಸಮೇತ ಕತ್ತರಿಸಿ ತನ್ನಿ. ಬಿಲ್ ಬರೆಸಿಕೊಳ್ಳಿ, ಕದ್ದ ಮಾಲಿನ ಉಸಾಬರಿ ನಮಗೆ ಬೇಡ. ಇಲ್ಲಿ ಸಿಗದಿದ್ದರೆ ಸೊಲ್ಲಾಪುರ, ಹೈದರಾಬಾದ್ ಇದ್ದೇ ಇವೆ. ಹಾಗೆಂದು ಗುಜರಿಯಲ್ಲಿ ಬ್ರೇಕಿನ ಸಾಮಾನಿಗೂ ಸೀಟ್ ಬೆಲ್ಟಿಗೂ ಕೈ ಹಾಕಬೇಡಿ.

ಕೂರಿಸುವ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಕೀಲಿ ತೆಗೆದ ಮೇಲೂ ಕೆಲವು ಕಾರುಗಳಲ್ಲಿ ಫ್ಯಾನು ತಾನಾಗಿ ತಿರುಗುತ್ತದೆ, ಬೆರಳು ಹೋದೀತು. ಬಿಸಿ ರೇಡಿಯೇಟರಿನ ಮುಚ್ಚಳವನ್ನಂತೂ ಮುಟ್ಟಲೇಬೇಡಿ. ಅಲ್ಯೂಮಿನಿಯಂ ಪಟ್ಟಿಯಿಂದ ಬ್ರಾಕೆಟ್ ಮಾಡಿಸಿ, ರಬ್ಬರ್ ವಾಷರ್ ಕೊಟ್ಟು ರೇಡಿಯೇಟರಿನ ಹೊರ ಚೌಕಟ್ಟಿಗೇ ಬೋಲ್ಟ್ ಮಾಡಿ. ಜಾಲರಿಯೊಳಗೆ ಪ್ಲಾಸ್ಟಿಕ್ ಟೈ ತೂರಿಸಿ ಬಿಗಿಯುವವರಿದ್ದಾರೆ; ಅದು ಅಲುಗಿ ಅಲುಗಿ ನೀರಿನ ಕೊಳವೆಯನ್ನೇ ಕೊರೆಯುತ್ತದೆ. ಎಂಜಿನ್ ತನ್ನ ಮೌಂಟಿನ, ಅಂದರೆ ರಬ್ಬರ್ ಆಸರೆಯ, ಮೇಲೆ ತೂಗಾಡುವುದರಿಂದ ಮೋಟಾರಿನ ಬೆನ್ನಿಗೆ ಎರಡು ಬೆರಳಿನಷ್ಟು ಜಾಗ ಬಿಡಿ. ಚೌಕಟ್ಟು ಮತ್ತು ರೇಡಿಯೇಟರಿನ ನಡುವಿನ ಸಂದಿಗಳನ್ನು ರಬ್ಬರ್ ಬೀಡಿಂಗಿನಿಂದ ಮುಚ್ಚಿ. ಇಲ್ಲದಿದ್ದರೆ ಫ್ಯಾನು ಎಂಜಿನ್ನಿನ ಬಿಸಿ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ.

ಹೆಚ್ಚಿನವರು ಕೆಡಿಸುವುದು ವೈರಿಂಗಿನಲ್ಲಿ. ದೊಡ್ಡ ಮೋಟಾರಿಗೆ ಹಳೆಯ ತೆಳು ವೈರ್ ಸಾಲದು. ಹೊಸ ಫ್ಯಾನು ಎಷ್ಟು ಆಂಪಿಯರ್ ಎಳೆಯುತ್ತದೆಂದು ವೈರಿನ ಸುತ್ತ ಕಚ್ಚಿಸಿ ಅಳೆಯುವ ಕ್ಲ್ಯಾಂಪ್ ಮೀಟರಿನಿಂದ ನೋಡಿ. ನಮ್ಮಂಥ ಪಂಪ್‌ಸೆಟ್ಟಿನವರ ಬಳಿ ಇರುವ ಮೀಟರ್ ಬಹುಮಟ್ಟಿಗೆ ಲೈನಿನ ಎ.ಸಿ. ಕರೆಂಟನ್ನಷ್ಟೇ ಅಳೆಯುತ್ತದೆ, ಇದಕ್ಕೆ ಬ್ಯಾಟರಿಯ ಡಿ.ಸಿ. ಕರೆಂಟ್ ಅಳೆಯುವುದೇ ಬೇಕು. ಸುಮಾರು 15 ಆಂಪಿಯರ್ ಬಂದರೆ 4 ಚದರ ಮಿಲಿಮೀಟರಿನ ತಾಮ್ರದ ವೈರ್, 30 ಆಂಪಿಯರಿನ ಫ್ಯೂಸ್, 40 ಆಂಪಿಯರಿನ ರಿಲೇ ಹಾಕಿ. ರಿಲೇಯ ಕಾಲುಗಳ ಪಕ್ಕ ಅಂಕೆ ಇರುತ್ತದೆ: ಬ್ಯಾಟರಿಯ ಪಾಸಿಟಿವ್‌ನಿಂದ ಫ್ಯೂಸ್ ದಾಟಿ 30ಕ್ಕೆ, 87ರಿಂದ ಮೋಟಾರಿಗೆ. ಹಳೆಯ ಫ್ಯಾನಿಗೆ ಬರುತ್ತಿದ್ದ ಎರಡು ವೈರುಗಳು 85 ಮತ್ತು 86ಕ್ಕೆ. ಹೀಗೆ ಮಾಡಿದರೆ ಕಾವು ಏರಿದಾಗ ಆನ್ ಆಗುವ ಕಾರಿನ ಸ್ವಂತ ಥರ್ಮೋ ಸ್ವಿಚ್ ಮತ್ತು ತಂಪಿನ ಎ.ಸಿ. ಎರಡೂ ಮೊದಲಿನಂತೆಯೇ ಫ್ಯಾನನ್ನು ಎಬ್ಬಿಸುತ್ತವೆ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ. ಮೋಟಾರಿನ ನೆಗೆಟಿವ್ ಅನ್ನು ಬಣ್ಣ ಕೆರೆದ ಬಾಡಿಯ ಬೋಲ್ಟಿಗೆ ಬಿಗಿಯಿರಿ.

ಚಾಲೂ ಮಾಡಿ, ಮುಂಭಾಗದ ಜಾಲರಿಗೆ ಒಂದು ಹಾಳೆ ಹಿಡಿಯಿರಿ. ಎಂಜಿನ್ ಕಡೆ ಕೂರಿಸಿದ ಫ್ಯಾನಾದರೆ ಹಾಳೆ ಅಂಟಿಕೊಳ್ಳಬೇಕು. ಹಾರಿಹೋದರೆ ಮೋಟಾರಿನ ಎರಡು ವೈರ್ ಅದಲುಬದಲಾಗಿವೆ. ಆಮೇಲೆ ಎ.ಸಿ. ಆಫ್ ಮಾಡಿ, ಎಂಜಿನ್ ಐಡಲ್‌ನಲ್ಲಿ ಬಿಟ್ಟು ಮುಳ್ಳಿನ ಮೇಲೆ ಕಣ್ಣಿಡಿ. ಫ್ಯಾನು ತಾನಾಗಿ ಎದ್ದು, ಮುಳ್ಳನ್ನು ಇಳಿಸಿ, ತಾನಾಗಿ ನಿಲ್ಲಬೇಕು. ಮೊದಲ ವಾರ ದಿನಕ್ಕೊಮ್ಮೆ ಫ್ಯೂಸಿನ ಗೂಡು ಮತ್ತು ರಿಲೇಯ ಬುಡವನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ವೈರಿನ ತುದಿಗೆ ಒತ್ತಿದ ಲೋಹದ ತುಂಡು, ಅಂದರೆ ಲಗ್ಗು, ಸಡಿಲವಾಗಿದೆ. ಕತ್ತರಿಸಿ ಹೊಸದಾಗಿ ಒತ್ತಿಸಿ.