ಅಪ್ಪನ ಗ್ಯಾಸ್ ಮಾತ್ರೆ ಬಿಡಿಸಿದ್ದು

ನಾನು ತಾಲ್ಲೂಕು ಊರೊಂದರಲ್ಲಿ ಕ್ಲಿನಿಕ್ ನಡೆಸುವ ವೈದ್ಯೆ. ಅಪ್ಪ ಬಚ್ಚಲಲ್ಲಿ ಬಿದ್ದಾಗ ಅವರಿಗೆ 74 ವರ್ಷ. ‘ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ್ದೆ, ನೆಲವೇ ಸರಿದ ಹಾಗಾಯ್ತು’ ಎಂದರು. ಪುಣ್ಯಕ್ಕೆ ಮೊಣಕೈ ಮಾತ್ರ ತರಚಿತ್ತು. ಮನೆಯವರೆಲ್ಲ ಒದ್ದೆ ನೆಲವನ್ನು ಬೈದರು. ನನ್ನ ತಲೆಯಲ್ಲಿ ಉಳಿದದ್ದು ಆ ‘ಕಣ್ಣು ಮುಚ್ಚಿದ್ದೆ’ ಎಂಬ ಮಾತು.

ಕಣ್ಣು ಮುಚ್ಚಿದಾಗ, ಕತ್ತಲಲ್ಲಿ ನಮ್ಮನ್ನು ನೆಟ್ಟಗೆ ನಿಲ್ಲಿಸುವುದು ಒಳಕಿವಿಯ ಜೊತೆ ಪಾದದ ನರಗಳು. ತಟ್ಟಿದರೆ ಕಂಪಿಸುವ ಲೋಹದ ಕವಲು, ಟ್ಯೂನಿಂಗ್ ಫೋರ್ಕ್, ತಟ್ಟಿ ಅಪ್ಪನ ಕಾಲಿನ ಹೆಬ್ಬೆರಳಿಗೆ ಇಟ್ಟೆ. ‘ತಣ್ಣಗಿದೆ’ ಎಂದರು. ‘ಗುಂಯ್ ಅಂತಿದೆಯಾ?’ ‘ಇಲ್ವಲ್ಲ.’ ಅದನ್ನೇ ಹಣೆಗೆ ಇಟ್ಟೆ. ‘ಹಾಂ, ಈಗ ಅಂತಿದೆ!’ ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಬಿ12 ತುಂಬಾ ಕಡಿಮೆ ಇತ್ತು. ಅದು ಕಡಿಮೆಯಾದರೆ ನರಗಳು ಸೊರಗುತ್ತವೆ.

ಅವರ ಔಷಧಿ ಡಬ್ಬಿ ತೆರೆದೆ. ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ, ಹೊಟ್ಟೆಯ ಆಮ್ಲ ಕಡಿಮೆ ಮಾಡುವ ‘ಗ್ಯಾಸ್ ಮಾತ್ರೆ’. ಆರು ವರ್ಷದ ಹಿಂದೆ ಮೊಣಕಾಲು ನೋವಿನ ಮಾತ್ರೆಯ ಜೊತೆ ನಾನೇ ಬರೆದುಕೊಟ್ಟದ್ದು. ನೋವಿನ ಮಾತ್ರೆ ಮೂರು ವಾರಕ್ಕೆ ನಿಂತಿತ್ತು. ಇದು ನಿಂತಿರಲಿಲ್ಲ. ನಾನೂ ಕೇಳಿರಲಿಲ್ಲ.

ಊಟದಲ್ಲಿರುವ ಬಿ12 ಬಿಡಿಸಿಕೊಳ್ಳಲು ಹೊಟ್ಟೆಯ ಆಮ್ಲ ಬೇಕು. ಅಪ್ಪನದು ಸಸ್ಯಾಹಾರ, ಸಿಗುವುದೇ ಕಡಿಮೆ, ಅದರ ಮೇಲೆ ಈ ಮಾತ್ರೆ. ಮೂಳೆಗೂ ಇದು ಅಷ್ಟು ಒಳ್ಳೆಯದಲ್ಲ. ವರ್ಷಕ್ಕಿಂತ ಜಾಸ್ತಿ ಅಥವಾ ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡವರಲ್ಲಿ ಸೊಂಟ, ಮಣಿಕಟ್ಟು, ಬೆನ್ನುಮೂಳೆ ಮುರಿಯುವ ಸಂಭವ ಹೆಚ್ಚಿರಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲೇ ಎಚ್ಚರಿಸಿತ್ತು. ಮಾತ್ರೆಯಿಂದಲೇ ಮುರಿಯುತ್ತದೆ ಎಂದು ಅದರಿಂದ ಸಾಬೀತಾಗುವುದಿಲ್ಲ. ಆದರೆ ಬೀಳುವ ವಯಸ್ಸಿನವರಿಗೆ ಕಾರಣವಿಲ್ಲದೆ ಯಾಕೆ ಕೊಡಬೇಕು?

ಒಮ್ಮೆಗೇ ನಿಲ್ಲಿಸಲಿಲ್ಲ. ಹಾಗೆ ಮಾಡಿದರೆ ಹೊಟ್ಟೆ ಸ್ವಲ್ಪ ಕಾಲ ಮೊದಲಿಗಿಂತ ಹೆಚ್ಚು ಆಮ್ಲ ಸುರಿಸಿ ಎದೆ ಉರಿಯಬಹುದು. ‘ನೋಡಿ, ಮಾತ್ರೆ ಬೇಕೇ ಬೇಕು’ ಅನ್ನಿಸುವುದು ಆಗಲೇ. ಎರಡು ವಾರ 20 ಮಿಲಿಗ್ರಾಂ, ಆಮೇಲೆ ಎರಡು ವಾರ ದಿನ ಬಿಟ್ಟು ದಿನ. ಉರಿ ಬಂದರೆ ಎರಡು ಚಮಚ ಆಂಟಾಸಿಡ್ ದ್ರವ. ಊಟ ರಾತ್ರಿ ಒಂಬತ್ತೂವರೆಯಿಂದ ಏಳಕ್ಕೆ ಬಂತು. ಮಂಚದ ತಲೆಯ ಕಡೆ ಕಾಲಿಗೆ ಒಂದೊಂದು ಇಟ್ಟಿಗೆ. ಕಷ್ಟವಾದದ್ದು ಬೆಳಗಿನ ಖಾಲಿ ಹೊಟ್ಟೆ ಕಾಫಿ. ಎರಡು ಇಡ್ಲಿ ಆದ ಮೇಲೆ ಎಂದು ಒಪ್ಪಂದವಾಯಿತು. ಐದನೇ ವಾರ ಎರಡು ರಾತ್ರಿ ಹುಳಿ ತೇಗಿನಿಂದ ನಿದ್ದೆಗೆಟ್ಟರು. ಪಕ್ಕದಲ್ಲೇ ಕೂತಿದ್ದೆ. ಆಮೇಲೆ ಇಳಿಯಿತು. ಬಿ12 ಇಂಜೆಕ್ಷನ್ ಮೊದಲ ದಿನದಿಂದಲೇ ಶುರು ಮಾಡಿದ್ದೆ.

ಇದನ್ನು ಓದಿ ಸುಮ್ನೆ ಮಾತ್ರೆ ಬಿಸಾಡಬೇಡಿ. ಹುಣ್ಣಿನಿಂದ ರಕ್ತ ಹೋದವರು, ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುವವರು, ಅನ್ನನಾಳ ಹಾಳಾದವರಿಗೆ ಅದು ನಿಜವಾಗಿಯೂ ಬೇಕಾಗಬಹುದು. ನಿಮ್ಮ ವೈದ್ಯರಿಗೆ ಚೀಟಿ ತೋರಿಸಿ, ‘ಇದು ಯಾಕೆ ಶುರುವಾಯ್ತು, ಇನ್ನೂ ಬೇಕಾ’ ಎಂದು ಕೇಳಿ.

ನಾಲ್ಕು ತಿಂಗಳಾದ ಮೇಲೆ ಮತ್ತೆ ಫೋರ್ಕ್ ಇಟ್ಟೆ. ಹೆಬ್ಬೆರಳಲ್ಲಿ ಇನ್ನೂ ಮಂಕು, ಆದರೆ ಹಿಮ್ಮಡಿ ಗಂಟಿನ ಹತ್ತಿರ ಅಪ್ಪ ಕೈ ಎತ್ತಿ ‘ಗುಂಯ್’ ಎಂದರು.