ಹಳೆಯ ಡಿವಿಡಿ ಪ್ಲೇಯರನ್ನು ಹೊಸ ಟಿವಿಗೆ ಜೋಡಿಸಿದ ಬಗೆ

ನಮ್ಮ ಮನೆಯ ಡಿವಿಡಿ ಪ್ಲೇಯರು ಡಬ್ಬಾ ಟಿವಿಯ ಕಾಲದ್ದು. ಅದರ ಹಿಂಬದಿಯಲ್ಲಿ, ಚಿತ್ರ, ಧ್ವನಿ ಎರಡನ್ನೂ ಒಂದೇ ತಂತಿಯಲ್ಲಿ ಸಾಗಿಸುವ, ಹೊಸ ಟಿವಿಗಳ ಎಚ್‌ಡಿಎಂಐ ಇಲ್ಲ. ಚಿತ್ರಕ್ಕೆ ಹಳದಿ, ಧ್ವನಿಗೆ ಬಿಳಿ ಮತ್ತು ಕೆಂಪು ಕಿಂಡಿಗಳಿವೆ. ಪಕ್ಕದಲ್ಲಿ ಚಿತ್ರವನ್ನು ಮೂರು ತಂತಿಗಳಲ್ಲಿ ಕಳುಹಿಸುವ ಕಾಂಪೊನೆಂಟ್ ವಿಡಿಯೊದ ಹಸಿರು, ನೀಲಿ, ಕೆಂಪು ಕಿಂಡಿಗಳಿವೆ. ಕಲಬುರಗಿಯ ಬ್ರಹ್ಮಪುರದ ನಮ್ಮ ಮನೆಗೆ ಬಂದ ಹೊಸ ಎಲ್‌ಇಡಿ ಟಿವಿಯಲ್ಲಿ ಇವುಗಳಿಗೆ ಹೊಂದುವ ಒಂದು ಕಿಂಡಿಯೂ ಮೇಲ್ನೋಟಕ್ಕೆ ಕಾಣುವುದಿಲ್ಲ. ಆದರೆ ಅಕ್ಕನ ಮದುವೆಯ ಡಿಸ್ಕುಗಳೂ ಅವ್ವ ಜೋಪಾನವಾಗಿ ಇಟ್ಟುಕೊಂಡಿರುವ ಭಜನೆ, ಪ್ರವಚನಗಳ ವಿಸಿಡಿಗಳೂ ಆ ಪ್ಲೇಯರಿನಲ್ಲಿಯೇ ಓಡಬೇಕಾಗಿದ್ದವು.

ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯೊಂದರಲ್ಲಿ ವಿಚಾರಿಸಿದಾಗ, “ಕನ್ವರ್ಟರ್ ಹಾಕ್ಲಾರ್ದ ಹೊಸ ಟಿವಿಗಿ ಬರಂಗಿಲ್ರಿ ಸರ್” ಎಂಬ ಉತ್ತರ ಸಿಕ್ಕಿತು. ಹಳೆಯ ಕಿಂಡಿಯ ಸಂಕೇತವನ್ನು ಎಚ್‌ಡಿಎಂಐಗೆ ಬದಲಿಸುವ ಸಣ್ಣ ಡಬ್ಬಿಯೇ ಈ ಕನ್ವರ್ಟರ್. ಕೆಲವು ಟಿವಿಗಳ ಮಟ್ಟಿಗೆ ಆ ಮಾತು ಸರಿ, ಎಲ್ಲವುಗಳ ಮಟ್ಟಿಗೆ ಅಲ್ಲ. ದುಡ್ಡು ಕೊಡುವ ಮೊದಲು ಟಿವಿಯ ಹಿಂಬದಿಯನ್ನು ಬ್ಯಾಟರಿ ಬೆಳಕಿನಲ್ಲಿ ನೋಡುವುದು ಒಳ್ಳೆಯದು. ನಮ್ಮದರಲ್ಲಿ ಇಯರ್‌ಫೋನಿನ ಕಿಂಡಿಯಂತೆಯೇ ಕಾಣುವ 3.5 ಮಿಲಿಮೀಟರಿನ ಸಣ್ಣ ಕಿಂಡಿಯೊಂದಿದ್ದು, ಅದರ ಬಳಿ ‘ಎವಿ ಇನ್’ (ಧ್ವನಿ, ಚಿತ್ರ ಒಳಬರುವ ಜಾಗ) ಎಂದು ಬರೆದಿತ್ತು. ಹಳದಿ, ಬಿಳಿ, ಕೆಂಪು ಮೂರನ್ನೂ ಕಂಪನಿಗಳು ಈಗ ಈ ಒಂದೇ ಕಿಂಡಿಯಲ್ಲಿ ಅಡಗಿಸುತ್ತವೆ. ಇದಕ್ಕೆ ಬೇಕಾದ ತುಂಡು ಕೇಬಲು ಕೆಲವೊಮ್ಮೆ ಟಿವಿಯ ಡಬ್ಬಿಯಲ್ಲಿಯೇ ಬಂದಿರುತ್ತದೆ. ಡಬ್ಬಿಯನ್ನು ಅಟ್ಟಕ್ಕೆ ಹಾಕಿದವರು ಇಳಿಸಿ ನೋಡಬಹುದು.

ಆ ಕೇಬಲನ್ನು ಹೊರಗಿನಿಂದ ಕೊಳ್ಳುವವರು ಒಂದು ವಿಷಯವನ್ನು ಗಮನಿಸಬೇಕು. ಅದರ ಪಿನ್ನಿನ ಮೇಲೆ ಮೂರು ಕಪ್ಪು ಗೆರೆಗಳಿದ್ದು, ಪಿನ್ನು ನಾಲ್ಕು ಭಾಗವಾಗಿರುತ್ತದೆ: ಒಂದು ಚಿತ್ರಕ್ಕೆ, ಎರಡು ಧ್ವನಿಗೆ, ಇನ್ನೊಂದು ಅರ್ಥಿಂಗಿಗೆ. ಯಾವ ಭಾಗ ಯಾವುದಕ್ಕೆ ಎಂಬುದು ಎಲ್ಲ ಕಂಪನಿಗಳಲ್ಲಿ ಒಂದೇ ಆಗಿಲ್ಲದ ಕಾರಣ, ನೋಡಲು ಒಂದೇ ತೆರನಾದ ಎರಡು ಕೇಬಲುಗಳಲ್ಲಿ ಒಂದು ಸರಿಯಾಗಿ ಕೆಲಸ ಮಾಡಿ ಇನ್ನೊಂದು ಬರೀ ಗುಂಯ್ ಎಂಬ ಸದ್ದನ್ನು ಕೊಡಬಹುದು. ಧ್ವನಿಯ ಬದಲು ಗರಗರ ಸದ್ದು ಬಂದು ಚಿತ್ರ ಬಾರದಿದ್ದರೆ, ಹಳದಿ ಪ್ಲಗ್ಗನ್ನು ಕೆಂಪು ಅಥವಾ ಬಿಳಿಯ ಜಾಗಕ್ಕೆ ಬದಲಿಸಿ ನೋಡಬೇಕು. ಹಾಗೆ ಸರಿಹೋದರೆ ವ್ಯತ್ಯಾಸ ಬಣ್ಣಗಳ ಸಾಲಿನಲ್ಲಿ ಮಾತ್ರ ಇದೆ ಎಂದರ್ಥ. ಅರ್ಥಿಂಗಿನ ಜಾಗವೇ ಬೇರೆಯಾಗಿದ್ದರೆ ಈ ಉಪಾಯ ಫಲಿಸುವುದಿಲ್ಲ, ಆ ಟಿವಿಯ ಕಂಪನಿಯ ಕೇಬಲನ್ನೇ ತರಬೇಕಾಗುತ್ತದೆ. ಇವನ್ನೆಲ್ಲ ಚುಚ್ಚುವಾಗ ಎರಡೂ ಸಾಧನಗಳ ಸ್ವಿಚ್ಚು ಆರಿಸಿರುವುದು ಲೇಸು.

ಜೋಡಣೆ ಮುಗಿದ ಮೇಲೆ ಟಿವಿಯ ಸೋರ್ಸ್ ಪಟ್ಟಿಯಲ್ಲಿ ಎವಿಯನ್ನು ಆಯ್ದುಕೊಂಡೆ. ಹಳದಿ ಕಿಂಡಿಯನ್ನೇ ಕಾಂಪೊನೆಂಟಿನ ಹಸಿರಿಗೂ ಬಳಸುವ ಟಿವಿಗಳಿವೆ; ಅಲ್ಲಿ ಹಳದಿ ತಂತಿಯನ್ನು ಹಾಕಿ ಕಾಂಪೊನೆಂಟ್ ಎಂದು ಆಯ್ದುಕೊಂಡರೆ ಚಿತ್ರ ಕಪ್ಪುಬಿಳುಪಾಗಿ ಬರುತ್ತದೆ. ತಂತಿ, ಟಿವಿ ಎರಡೂ ಸರಿಯಿದ್ದು ಪರದೆ ಖಾಲಿ ಉಳಿದರೆ ಪ್ಲೇಯರಿನ ಕಡೆ ನೋಡಬೇಕು. ಚಿತ್ರದ ಗೆರೆಗಳನ್ನು ಒಂದು ಬಿಟ್ಟು ಒಂದರಂತೆ ಕಳುಹಿಸದೆ ಎಲ್ಲವನ್ನೂ ಒಟ್ಟಿಗೆ ಕಳುಹಿಸುವ ಪ್ರೋಗ್ರೆಸಿವ್ ಸ್ಕ್ಯಾನ್ ಚಾಲೂ ಇದ್ದಾಗ ಹಳದಿ ಕಿಂಡಿಯಿಂದ ಚಿತ್ರವನ್ನೇ ಬಿಡದ ಪ್ಲೇಯರುಗಳು ಹಲವು. ರಿಮೋಟಿನಲ್ಲಿ ‘ಪಿ-ಸ್ಕ್ಯಾನ್’ ಅಥವಾ ‘ವಿ-ಮೋಡ್’ ಎಂಬ ಗುಂಡಿಯಿದ್ದರೆ, ಡಿಸ್ಕ್ ಹೊರತೆಗೆದು, ಚಿತ್ರ ಮೂಡುವವರೆಗೆ ಅದನ್ನು ನಿಧಾನವಾಗಿ ಒತ್ತುತ್ತ ಹೋಗಬೇಕು.

ಚಿತ್ರವೇನೋ ಬಂದಿತು. ಆದರೆ ಅವ್ವ ನೋಡಿ, “ಎಲ್ಲರ ಮಾರಿ ಯಾಕಪಾ ಹಿಂಗ ಅಗಲ ಕಾಣ್ಲತ್ತಾವ?” ಎಂದಳು. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಮುಖ್ಯ ಭಾಗ ಇದೇ, ಜನ ಗಮನ ಕೊಡದೆ ಬಿಡುವುದೂ ಇದನ್ನೇ. ಆ ಕಾಲದ ಮದುವೆ ವಿಡಿಯೊಗಳು 4:3 ಅಳತೆಯವು, ಅಂದರೆ ಅಗಲ ನಾಲ್ಕಾದರೆ ಎತ್ತರ ಮೂರು. 16:9 ಅಳತೆಯ ಟಿವಿ ತನ್ನ ಪರದೆಯನ್ನು ತುಂಬಿಸಲು ಅವನ್ನು ಎರಡೂ ಬದಿಗೆ ಎಳೆಯುವುದರಿಂದ ಮುಖಗಳೆಲ್ಲ ಬಡಿದ ರೊಟ್ಟಿಯಂತೆ ಹರಡಿಕೊಳ್ಳುತ್ತವೆ. ಪ್ಲೇಯರಿನ ಸೆಟಪ್ಪಿನಲ್ಲಿ ಟಿವಿ ಟೈಪನ್ನು 16:9 ಎಂದು ಕಾಯಂ ಮಾಡಿ, ಮದುವೆ ಡಿಸ್ಕಿಗೆ ಟಿವಿಯ ಚಿತ್ರದ ಅಳತೆಯನ್ನು 4:3ಕ್ಕೂ ಅಗಲ ಪರದೆಯ ಸಿನಿಮಾ ಡಿಸ್ಕಿಗೆ 16:9ಕ್ಕೂ ಬದಲಿಸಿಕೊಳ್ಳುವ ಪದ್ಧತಿಯನ್ನು ನಾನು ಇಟ್ಟುಕೊಂಡಿದ್ದೇನೆ. ಹಳೆಯ ಟಿವಿಗೆಂದು ಮಾಡಿದ್ದ, ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಡುವ ಲೆಟರ್‌ಬಾಕ್ಸ್ ಸೆಟ್ಟಿಂಗನ್ನು ಹಾಗೆಯೇ ಬಿಟ್ಟರೆ ಪ್ಲೇಯರೇ ಸಿನಿಮಾವನ್ನು ಕುಗ್ಗಿಸಿ ಕಳುಹಿಸುತ್ತದೆ. 4:3ರಲ್ಲಿ ನೋಡಿದರೆ ನಾಲ್ಕೂ ಕಡೆ ಕಪ್ಪು ಪಟ್ಟಿ ಉಳಿಯುತ್ತದೆ, ಚಿತ್ರದ ವಿವರಗಳೂ ಕಡಿಮೆಯಾಗುತ್ತವೆ. ಮದುವೆ ಡಿಸ್ಕಿನ ಎಡಬಲದಲ್ಲಿ ಉಳಿಯುವ ಕಪ್ಪು ಜಾಗವನ್ನು ಕಂಡು ಬೇಸರಪಡುವವರಿದ್ದಾರೆ, ನನಗೆ ಮಾತ್ರ ಮುಖ ಮುಖದಂತೆ ಕಂಡರೆ ಸಾಕು.

ಸ್ಪಷ್ಟತೆಯ ವಿಚಾರದಲ್ಲಿ ಹೆಚ್ಚಿನ ನಿರೀಕ್ಷೆ ಬೇಡ. ನಮ್ಮ ದೇಶದಲ್ಲಿ ಟಿವಿ ಚಿತ್ರಕ್ಕೆ ಬಳಸುತ್ತಿದ್ದ ಪಾಲ್ ಪದ್ಧತಿಯ ಡಿವಿಡಿಯ ಚಿತ್ರ 720×576 ಚುಕ್ಕೆಗಳದ್ದು, ವಿಸಿಡಿಯದು 352×288 ಮಾತ್ರ. ಅದನ್ನು 1920×1080 ಚುಕ್ಕೆಗಳ ಪರದೆಗೆ ಹಿಗ್ಗಿಸಿದಾಗ ಭಜನೆಯ ವಿಸಿಡಿ ಮಂಜಾಗಿ ಕಾಣುವುದು ಸಹಜ. ಟಿವಿಯ ಶಾರ್ಪ್‌ನೆಸ್ಸನ್ನು ತಗ್ಗಿಸಿದರೆ ಅಕ್ಷರಗಳ ಸುತ್ತಲಿನ ಬಿಳಿ ಅಂಚು ಮಾಯವಾಗಿ ಚಿತ್ರ ಕಣ್ಣಿಗೆ ಹಿತವಾಗುತ್ತದೆ. ಪ್ಲೇಯರಿನಲ್ಲಿಯೂ ಟಿವಿಯಲ್ಲಿಯೂ ಕಾಂಪೊನೆಂಟ್ ಕಿಂಡಿಗಳಿದ್ದರೆ ಹಳದಿಗಿಂತ ಅದೇ ಮೇಲು, ಏಕೆಂದರೆ ಹಳದಿ ತಂತಿಯಲ್ಲಿ ಬೆಳಕು ಮತ್ತು ಬಣ್ಣದ ಮಾಹಿತಿ ಬೆರೆತು ಹರಿಯುತ್ತದೆ, ಕಾಂಪೊನೆಂಟಿನಲ್ಲಿ ಬೇರೆ ಬೇರೆಯಾಗಿ ಹರಿಯುತ್ತದೆ.

ಅಕ್ಕನ ಮನೆಯ ಟಿವಿಯಲ್ಲಿ ಎವಿ ಕಿಂಡಿಯೇ ಇಲ್ಲದ ಕಾರಣ ಅಲ್ಲಿ ಕನ್ವರ್ಟರು ಬೇಕೇ ಬೇಕಾಯಿತು. ಎವಿಯಿಂದ ಎಚ್‌ಡಿಎಂಐಗೆ ಹೋಗುವುದು ಒಂದು, ಎಚ್‌ಡಿಎಂಐಯಿಂದ ಎವಿಗೆ ಬರುವುದು ಇನ್ನೊಂದು. ಎರಡೂ ಒಂದೇ ಗಾತ್ರದ ಸಣ್ಣ ಡಬ್ಬಿಗಳಾಗಿದ್ದು, ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ನಮಗೆ ಬೇಕಾದದ್ದು ಮೊದಲನೆಯದು. ಅದಕ್ಕೆ 5 ವೋಲ್ಟ್ ವಿದ್ಯುತ್ತನ್ನು ಟಿವಿಯ ಯುಎಸ್‌ಬಿಯಿಂದ ಕೊಡಬಹುದಾದರೂ, ಚಿತ್ರ ಆಗಾಗ ಹೋಗಿ ಬರುತ್ತಿದ್ದರೆ ಹಳೆಯ ಮೊಬೈಲ್ ಚಾರ್ಜರಿಗೆ ಬದಲಿಸುವುದು ವಾಸಿ. ಡಬ್ಬಿಯ ಮೇಲಿನ 720, 1080 ಎಂಬ ಸ್ವಿಚ್ಚು ಚಿತ್ರವನ್ನು ಹಿಗ್ಗಿಸುವ ಪ್ರಮಾಣವನ್ನು ಬದಲಿಸುತ್ತದೆಯೇ ಹೊರತು ಡಿಸ್ಕಿನಲ್ಲಿಲ್ಲದ ವಿವರವನ್ನು ತಂದುಕೊಡುವುದಿಲ್ಲ. ಪಾಲ್ ಡಿಸ್ಕು ಸೆಕೆಂಡಿಗೆ 25 ಚೌಕಟ್ಟುಗಳದ್ದು. ಅದನ್ನು 60 ಹರ್ಟ್ಸಿನಲ್ಲಿ, ಅಂದರೆ ಸೆಕೆಂಡಿಗೆ 60 ಸಲ, ಹೊರಬಿಡುವ ಕನ್ವರ್ಟರಿನಲ್ಲಿ ಕ್ಯಾಮೆರಾ ಮಂಟಪದ ತುಂಬ ನಿಧಾನವಾಗಿ ಹೊರಳುವಾಗ ಚಿತ್ರ ತುಸು ತಡವರಿಸುತ್ತದೆ. ನನ್ನ ಕಣ್ಣಿಗೆ ಅದು ಎದ್ದು ಕಾಣುತ್ತದೆ, ಅಕ್ಕನಿಗೆ ಕಂಡಂತಿಲ್ಲ.